ಶೀತ ಹೋಗಿ ತಿಂಗಳುಗಳಾದರೂ ಮೂಗಿನ ಡ್ರಾಪ್ಸ್ ಬಿಡಲಾಗುತ್ತಿಲ್ಲ: ಕಟ್ಟಿದ ಮೂಗಿಗೆ ಯಾವ ಔಷಧಿ, ಎಷ್ಟು ದಿನ?

ಕಡಿಯಾಳಿ ನಿವಾಸಿ (ಪ್ರಶ್ನೆ ಕೇಳಿದವರು)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಉಡುಪಿಯ ಕಡಿಯಾಳಿಯಲ್ಲಿ. ಮಾವನವರಿಗೆ 68 ವರ್ಷ. ರಕ್ತದೊತ್ತಡಕ್ಕೆ ದಿನಾ ಮಾತ್ರೆ ತೆಗೆದುಕೊಳ್ಳುತ್ತಾರೆ. ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ ಎಂದೂ ವೈದ್ಯರು ಹೇಳಿದ್ದಾರೆ. ಜೂನ್‌ನಲ್ಲಿ ಮಳೆ ಹಿಡಿದ ಹೊತ್ತಿಗೆ ಶೀತವಾಗಿ, ಕ್ಸೈಲೋಮೆಟಾಜೋಲಿನ್ ಇರುವ ಮೂಗಿನ ಡ್ರಾಪ್ಸ್ ತಂದರು. ಶೀತ ವಾರದೊಳಗೆ ಇಳಿಯಿತು, ಡ್ರಾಪ್ಸ್ ಮಾತ್ರ ನಿಲ್ಲಲಿಲ್ಲ. ತುಳುವರ ಆಟಿ ಕಳೆದು, ಆಗಸ್ಟ್ ನಡುವಿಗೆ ಆರಂಭವಾಗುವ ಸೋಣ ತಿಂಗಳು ಬಂದರೂ ಬಾಟಲಿ ತಲೆದಿಂಬಿನ ಪಕ್ಕದಲ್ಲೇ ಇದೆ. ಹಾಕಿಕೊಂಡ ಐದು ನಿಮಿಷದಲ್ಲಿ ಮೂಗು ಸಲೀಸಾಗುತ್ತದೆ, ನಾಲ್ಕೈದು ಗಂಟೆ ಕಳೆಯುವಷ್ಟರಲ್ಲಿ ಮೊದಲಿಗಿಂತ ಗಟ್ಟಿಯಾಗಿ ಕಟ್ಟಿಕೊಳ್ಳುತ್ತದೆ. ಹಾಕದಿದ್ದರೆ ಬಾಯಿ ತೆರೆದು ಉಸಿರಾಡುತ್ತಾ ರಾತ್ರಿಯಿಡೀ ಕುಳಿತಿರುತ್ತಾರೆ. ಇದರ ಜೊತೆಗೆ ಆಗಾಗ ಶೀತದ ಮಾತ್ರೆಯನ್ನೂ ನುಂಗುತ್ತಾರೆ. ಅದರ ಪಟ್ಟಿಯ ಹಿಂದೆ ಪ್ಯಾರಾಸಿಟಮಾಲ್, ಫಿನೈಲೆಫ್ರಿನ್, ಕ್ಲೋರ್ಫೆನಿರಮಿನ್ ಎಂಬ ಮೂರು ಹೆಸರುಗಳಿವೆ.

ಇನ್ನೊಂದು ವಿಷಯ. ನನ್ನ ಮಗಳಿಗೆ ಮೂರು ವರ್ಷ ತುಂಬಿದೆ. ಅವಳಿಗೂ ಎರಡು ದಿನದಿಂದ ಮೂಗು ಕಟ್ಟಿದೆ. ನಾದಿನಿಯ ಮನೆಯಲ್ಲಿ ಉಳಿದಿದ್ದ ಮಕ್ಕಳ ಶೀತದ ಸಿರಪ್ ಇದೆ, ಕೊಡಬಹುದು ಎನ್ನುತ್ತಾರೆ. ನನಗೆ ಧೈರ್ಯವಾಗುತ್ತಿಲ್ಲ. ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.


ಕಿವಿ-ಮೂಗು-ಗಂಟಲಿನ ವೈದ್ಯೆ, ಮಂಗಳೂರು

ಮೊದಲು ಮಗುವಿನ ವಿಷಯ ಹೇಳಿಬಿಡುತ್ತೇನೆ. ಆ ಸಿರಪ್ ಕೊಡಬೇಡಿ. ಕ್ಲೋರ್ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿರುವ ಸಿದ್ಧೌಷಧಿಗಳನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು, ಆ ಎಚ್ಚರಿಕೆಯನ್ನು ಲೇಬಲ್ಲಿನ ಮೇಲೆಯೇ ಮುದ್ರಿಸಬೇಕು ಎಂದು ನಮ್ಮ ದೇಶದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದ್ದಾರೆ. 2025ರ ಅಕ್ಟೋಬರ್‌ನಲ್ಲಿ ಕೇಂದ್ರ ಆರೋಗ್ಯ ಸೇವೆಗಳ ನಿರ್ದೇಶನಾಲಯವು ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಔಷಧಿಗಳನ್ನು ಕೊಡಲೇಬಾರದು, ಐದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಅವುಗಳ ಶಿಫಾರಸು ಇಲ್ಲ ಎಂದು ಹೇಳಿತು. ನಿಮ್ಮ ಮಗಳು ನಾಲ್ಕು ವರ್ಷ, ಐದು ವರ್ಷ ಎಂಬ ಎರಡೂ ಮಿತಿಗಳ ಒಳಗೆ ಬರುತ್ತಾಳೆ. ಅವಳಿಗೆ ಬೇಕಿರುವುದು ಉಪ್ಪುನೀರಿನ ಡ್ರಾಪ್ಸ್, ಸಾಕಷ್ಟು ದ್ರವಾಹಾರ ಮತ್ತು ಕೆಲವು ದಿನಗಳ ಸಮಯ. ಉಸಿರಾಟ ವೇಗವಾದರೆ, ಪಕ್ಕೆ ಒಳಕ್ಕೆ ಎಳೆಯುತ್ತಿದ್ದರೆ, ಮಗು ಊಟ-ನೀರು ಬಿಟ್ಟು ಮಂಕಾದರೆ ಕಾಯದೆ ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ.

ಈಗ ಮಾವನವರ ವಿಷಯ. ಮೂಗು ಕಟ್ಟಿದೆ ಎಂದರೆ ಒಳಗೆ ಸಿಂಬಳ ತುಂಬಿದೆ ಎಂದೇ ಹೆಚ್ಚಿನವರು ಭಾವಿಸುತ್ತಾರೆ. ವಾಸ್ತವದಲ್ಲಿ ಮೂಗಿನ ಒಳಗೋಡೆಯಲ್ಲಿ ಪ್ರತಿ ಬದಿಗೂ ಮೂರರಂತೆ, ಟರ್ಬಿನೇಟ್ ಎಂದು ಕರೆಯುವ ಸುರುಳಿಯಾಕಾರದ ಉಬ್ಬುಗಳಿವೆ. ಅವುಗಳಲ್ಲಿ ಕೆಳಗಿನ ಉಬ್ಬಿನೊಳಗೆ ರಕ್ತನಾಳಗಳು ದಟ್ಟವಾಗಿದ್ದು, ಶೀತದಲ್ಲಿಯೂ ಅಲರ್ಜಿಯಲ್ಲಿಯೂ ಆ ನಾಳಗಳು ಹಿಗ್ಗಿ, ರಕ್ತ ತುಂಬಿಕೊಂಡು, ಗಾಳಿ ಹೋಗುವ ದಾರಿಯನ್ನೇ ಕಿರಿದಾಗಿಸುತ್ತವೆ. ಸಿಂಬಳವನ್ನೆಲ್ಲ ತೆಗೆದ ಮೇಲೂ ಮೂಗು ಕಟ್ಟಿದಂತೆಯೇ ಇರುವುದು ಇದರಿಂದ. ಆರೋಗ್ಯವಂತರಲ್ಲಿಯೂ ಕೆಲವು ಗಂಟೆಗಳಿಗೊಮ್ಮೆ ಒಂದು ಹೊಳ್ಳೆ ಸ್ವಲ್ಪ ಊದಿ ಇನ್ನೊಂದು ತೆರೆದುಕೊಳ್ಳುತ್ತದೆ, ಅದು ರೋಗವಲ್ಲ.

ಕ್ಸೈಲೋಮೆಟಾಜೋಲಿನ್, ಆಕ್ಸಿಮೆಟಾಜೋಲಿನ್ ಮೊದಲಾದ ಡ್ರಾಪ್ಸ್‌ಗಳು ಆ ರಕ್ತನಾಳಗಳ ಗೋಡೆಯಲ್ಲಿರುವ ಗ್ರಾಹಕಗಳನ್ನು, ಅಂದರೆ ಔಷಧಿ ಅಂಟಿಕೊಂಡು ಕೆಲಸ ಮಾಡುವ ತಾಣಗಳನ್ನು (ರಿಸೆಪ್ಟರ್), ಪ್ರಚೋದಿಸಿ ನಾಳಗಳನ್ನು ಸಂಕುಚಿಸುತ್ತವೆ. ಕೆಲವೇ ನಿಮಿಷಗಳಲ್ಲಿ ಊತ ಇಳಿದು ಗಾಳಿ ಸರಾಗವಾಗಿ ಓಡಾಡುತ್ತದೆ, ಆರಂಭದ ದಿನಗಳಲ್ಲಿ ಪರಿಣಾಮ ಎಂಟು-ಹತ್ತು ಗಂಟೆ ನಿಲ್ಲುತ್ತದೆ. ಆದರೆ ದಿನಗಟ್ಟಲೆ ಹಾಕುತ್ತಾ ಹೋದರೆ ಗ್ರಾಹಕಗಳು ಔಷಧಿಗೆ ಸ್ಪಂದಿಸುವುದು ಕಡಿಮೆಯಾಗಿ, ಔಷಧಿಯ ಪ್ರಭಾವ ಇಳಿದ ಕೂಡಲೇ ನಾಳಗಳು ಮೊದಲಿಗಿಂತ ಹೆಚ್ಚು ಹಿಗ್ಗುತ್ತವೆ. ಆಗ ರೋಗಿ ಮತ್ತೆ ಡ್ರಾಪ್ಸ್ ಹಾಕುತ್ತಾನೆ, ಮತ್ತೆ ಊದುತ್ತದೆ. ರೈನೈಟಿಸ್ ಮೆಡಿಕಮೆಂಟೋಸಾ ಎಂದು ನಾವು ಬರೆಯುವುದು ಇದನ್ನೇ. ನಿಮ್ಮ ಮಾವನವರಿಗೆ ಈಗ ಇರುವುದು ಜೂನ್ ತಿಂಗಳ ಶೀತವಲ್ಲ, ಬಹುಶಃ ಡ್ರಾಪ್ಸ್‌ನಿಂದಲೇ ಹುಟ್ಟಿದ ಊತ. ಮೂರು ದಿನ, ಹೆಚ್ಚೆಂದರೆ ಐದು ದಿನ ಎಂಬ ಮಿತಿಯನ್ನು ನಾವು ಒತ್ತಿ ಹೇಳುವುದಕ್ಕೆ ಕಾರಣ ಇಷ್ಟೇ.

ನಿಲ್ಲಿಸುವ ಬಗೆ: ಫ್ಲುಟಿಕಾಸೋನ್, ಮೊಮೆಟಾಸೋನ್, ಬುಡೆಸೊನೈಡ್ ಇವುಗಳಲ್ಲಿ ಒಂದು ಸ್ಟಿರಾಯ್ಡ್ ಸ್ಪ್ರೇಯನ್ನು ವೈದ್ಯರು ಮೊದಲು ಆರಂಭಿಸುತ್ತಾರೆ. ಅದು ಡ್ರಾಪ್ಸ್‌ನಂತೆ ಐದು ನಿಮಿಷದಲ್ಲಿ ಕೆಲಸ ಮಾಡುವುದಿಲ್ಲ. ಪೂರ್ಣ ಫಲ ಕಾಣಲು ಒಂದೆರಡು ವಾರ ಬೇಕು. ಕೆಲವರು ಡ್ರಾಪ್ಸ್‌ಅನ್ನು ಒಮ್ಮೆಗೇ ಬಿಡುತ್ತಾರೆ. ಅದು ಸಹಿಸಲಾಗದಿದ್ದರೆ ಒಂದು ಹೊಳ್ಳೆಗೆ ಮಾತ್ರ ಹಾಕುವುದನ್ನು ನಿಲ್ಲಿಸಿ, ಆ ಬದಿ ತೆರೆದುಕೊಂಡ ಮೇಲೆ ಇನ್ನೊಂದು ಬದಿಗೂ ನಿಲ್ಲಿಸುವುದು ಒಳ್ಳೆಯ ಉಪಾಯ. ಆಗ ಕನಿಷ್ಠ ಒಂದು ಬದಿಯಿಂದ ಉಸಿರಾಡುತ್ತಾ ನಿದ್ದೆ ಮಾಡಬಹುದು. ಮಲಗುವಾಗ ತಲೆಯ ಭಾಗವನ್ನು ಎತ್ತರಿಸಿಕೊಳ್ಳಲಿ. ಮೊದಲ ವಾರ ಕಷ್ಟವಾಗುತ್ತದೆ ಎಂಬುದನ್ನು ಅವರಿಗೆ ಮುಂಚಿತವಾಗಿಯೇ ಹೇಳಿಡಿ. ಮೂರನೆಯ ರಾತ್ರಿ ಸೋತು ಮತ್ತೆ ಬಾಟಲಿಗೆ ಕೈ ಹಾಕುವವರು ಬಹಳ ಮಂದಿ, ಅದು ಅವರ ಮನೋಬಲದ ದೋಷವಲ್ಲ.

ಇದಕ್ಕೆ ಮುನ್ನ ಒಮ್ಮೆ ಮೂಗಿನ ಒಳಗನ್ನು ನೋಡಿಸಲೇಬೇಕು. ನಡುಗೋಡೆ ವಾಲಿದ್ದರೆ, ಪಾಲಿಪ್ ಎಂಬ ಮೆತ್ತನೆಯ ಗಂಟು ಬೆಳೆದಿದ್ದರೆ, ಅಥವಾ ನಮ್ಮ ಕರಾವಳಿಯ ತೇವದಲ್ಲಿ ಸಾಮಾನ್ಯವಾದ ಧೂಳುಹುಳು ಮತ್ತು ಬೂಷ್ಟಿನ ಅಲರ್ಜಿ ಇದ್ದರೆ, ಡ್ರಾಪ್ಸ್ ಬಿಟ್ಟ ಮಾತ್ರಕ್ಕೆ ಮೂಗು ಸರಿಹೋಗದು.


ಔಷಧಿ ಅಂಗಡಿ, ಕುಂದಾಪುರ

ಡಾಕ್ಟರ್ ಮೇಡಂ ಬರೆದುದಕ್ಕೆ ಅಂಗಡಿಯ ಕಡೆಯಿಂದ ನಾಲ್ಕು ಮಾತು ಸೇರಿಸುತ್ತೇನೆ. ಗಿರಾಕಿಗಳು ಬಂದು “ಮೂಗಿಗೆ ಬಿಡುವ ಡ್ರಾಪ್ಸ್ ಕೊಡಿ” ಎನ್ನುತ್ತಾರೆ. ಆ ಒಂದೇ ಮಾತಿನಡಿ ಮೂರು ಬೇರೆ ಬೇರೆ ಸಾಮಾನುಗಳಿವೆ. ಮೊದಲನೆಯದು ಬರೀ ಉಪ್ಪುನೀರು. ಬಾಟಲಿಯ ಮೇಲೆ ಸೋಡಿಯಂ ಕ್ಲೋರೈಡ್ 0.65 ಶೇಕಡಾ ಎಂದಿರುತ್ತದೆ. ಅದಕ್ಕೆ ದಿನದ ಮಿತಿಯಿಲ್ಲ, ಹಸುಗೂಸಿಗೂ ಹಾಕುತ್ತಾರೆ. ಎರಡನೆಯದು ಓಟ್ರಿವಿನ್, ನಾಸಿವಿಯಾನ್ ಮುಂತಾದ ಹೆಸರುಗಳಲ್ಲಿ ಬರುವ ರಕ್ತನಾಳ ಸಂಕುಚಿಸುವ ಔಷಧಿ. ಓಟ್ರಿವಿನ್‌ನಲ್ಲಿ ಕ್ಸೈಲೋಮೆಟಾಜೋಲಿನ್, ನಾಸಿವಿಯಾನ್‌ನಲ್ಲಿ ಆಕ್ಸಿಮೆಟಾಜೋಲಿನ್ ಇರುತ್ತದೆ. ಇದೇ ಕಂಪನಿಗಳು ಹತ್ತಿರ ಹತ್ತಿರದ ಹೆಸರಿನಲ್ಲಿ ಉಪ್ಪುನೀರನ್ನೂ ಮಾರುವುದರಿಂದ ಡಬ್ಬದ ಬಣ್ಣ ನೋಡದೆ ಒಳಗಿರುವ ಔಷಧಿಯ ಹೆಸರನ್ನೇ ಓದಬೇಕು. ಮೂರನೆಯದು ಡಾಕ್ಟರರು ಹೇಳಿದ ಸ್ಟಿರಾಯ್ಡ್ ಸ್ಪ್ರೇ. ಡ್ರಾಪ್ಸ್ ಬೇಕಾದಷ್ಟು ಹಾಕಿ ಎಂದು ಮಕ್ಕಳ ಡಾಕ್ಟರರು ಹೇಳುವುದು ಉಪ್ಪುನೀರಿನ ವಿಷಯದಲ್ಲಿ; ಅದನ್ನು ಕೇಳಿಸಿಕೊಂಡ ಮನೆಯವರು ಎರಡನೆಯ ಜಾತಿಯ ಬಾಟಲಿಗೂ ಅನ್ವಯಿಸಿಬಿಡುತ್ತಾರೆ. ಅವಾಂತರ ಅಲ್ಲಿಂದ ಶುರುವಾಗುತ್ತದೆ.

ಪ್ರಮಾಣವನ್ನೂ ನೋಡಬೇಕು. ದೊಡ್ಡವರ ಕ್ಸೈಲೋಮೆಟಾಜೋಲಿನ್ 0.1 ಶೇಕಡಾ, ಮಕ್ಕಳದು 0.05. ಆಕ್ಸಿಮೆಟಾಜೋಲಿನ್‌ನಲ್ಲಿ ದೊಡ್ಡವರದು 0.05, ಮಕ್ಕಳದು 0.025. ಒಂದರಲ್ಲಿ ಮಕ್ಕಳದ್ದಾದ ಅಂಕಿ ಇನ್ನೊಂದರಲ್ಲಿ ದೊಡ್ಡವರದ್ದು ಎಂಬುದನ್ನು ಗಮನಿಸಿ. ಬರೀ ಅಂಕಿ ನೆನಪಿಟ್ಟು ಕೊಂಡರೆ ಆಗುವುದಿಲ್ಲ. ಮಕ್ಕಳದ್ದು ಎಂದು ಬರೆದಿದ್ದ ಮಾತ್ರಕ್ಕೆ ವೈದ್ಯರನ್ನು ಕೇಳದೆ ಚಿಕ್ಕ ಮಗುವಿಗೆ ಹಾಕುವುದೂ ಸರಿಯಲ್ಲ.

ಮಾತ್ರೆಯ ವಿಷಯದಲ್ಲಿ ನನಗೆ ನಿತ್ಯ ಕಾಣುವ ತೊಂದರೆ ಪ್ಯಾರಾಸಿಟಮಾಲ್ ದುಪ್ಪಟ್ಟಾಗುವುದು. ಶೀತದ ಮಾತ್ರೆಯಲ್ಲಿ ಹೆಚ್ಚಾಗಿ 500 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ಜ್ವರ ಎಂದು ಅದರ ಮೇಲೆ 650ರ ಮಾತ್ರೆಯನ್ನೂ ನುಂಗಿದರೆ ಒಂದೇ ಹೊತ್ತಿಗೆ 1150 ಮಿಲಿಗ್ರಾಂ ಆಯಿತು. ಹಾಗೆ ದಿನಕ್ಕೆ ನಾಲ್ಕು ಹೊತ್ತು ನುಂಗಿದರೆ, ವಯಸ್ಕರಿಗೆ ದಿನದ ಗರಿಷ್ಠ ಮಿತಿಯಾದ 4 ಗ್ರಾಂ ದಾಟಿಹೋಗುತ್ತದೆ. ಯಕೃತ್ತಿಗೆ ಆಗುವ ಹಾನಿ ಆರಂಭದಲ್ಲಿ ಹೊರಗೆ ಕಾಣುವುದಿಲ್ಲ. ಮಾತ್ರೆಯ ಪಟ್ಟಿಯನ್ನು ತಿರುಗಿಸಿ ಹೆಸರುಗಳನ್ನು ಓದುವ ನಿಮ್ಮ ಅಭ್ಯಾಸ, ಅಕ್ಕಾ, ಎಲ್ಲರಿಗೂ ಬರಬೇಕು.


ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ, ಕಾರ್ಕಳ

ಆ ಮೂರು ಹೆಸರುಗಳಲ್ಲಿ ಮಧ್ಯದ್ದಾದ ಫಿನೈಲೆಫ್ರಿನ್ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಬರೆಯಬೇಕೆನಿಸುತ್ತದೆ, ಏಕೆಂದರೆ ನಮ್ಮ ಅಂಗಡಿಗಳಲ್ಲಿ ಸಿಗುವ ಶೀತದ ಮಾತ್ರೆಗಳಲ್ಲಿ ಮೂಗು ಬಿಡಿಸುವ ಹೊಣೆಯನ್ನು ಬಹುಪಾಲು ಅದೇ ಹೊತ್ತಿದೆ.

ಈ ಬಗೆಯ ಔಷಧಿಗಳ ಮೂಲ ಎಫಿಡ್ರಾ ಎಂಬ ಗಿಡ. ಜಪಾನಿನ ನಾಗಾಯಿ ನಾಗಾಯೋಶಿ ಅದರಿಂದ ಎಫಿಡ್ರಿನ್ ಎಂಬ ವಸ್ತುವನ್ನು 1885ರಲ್ಲಿ ಬೇರ್ಪಡಿಸಿದರು. ಮುಂದೆ ಅದರ ಸಂಬಂಧಿಗಳಾದ ಸೂಡೋಎಫಿಡ್ರಿನ್, ಫಿನೈಲ್‌ಪ್ರೊಪನೋಲಮಿನ್ ಮುಂತಾದವು ಶೀತದ ಮಾತ್ರೆಗಳಿಗೆ ಸೇರಿದವು. ಫಿನೈಲ್‌ಪ್ರೊಪನೋಲಮಿನ್‌ನಿಂದ ಮಿದುಳಿನಲ್ಲಿ ರಕ್ತಸ್ರಾವವಾಗುವ ಅಪಾಯ ಕಂಡುಬಂದುದರಿಂದ 2000ದಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅದನ್ನು ಮಾರುಕಟ್ಟೆಯಿಂದ ತೆಗೆಯುವಂತೆ ತಯಾರಕರನ್ನು ಕೇಳಿಕೊಂಡಿತು. ಭಾರತದಲ್ಲಿ ಅದರ ನಿಷೇಧವಾದುದು 2011ರಲ್ಲಿ. ಸೂಡೋಎಫಿಡ್ರಿನ್ ಮೂಗನ್ನು ನಿಜವಾಗಿಯೂ ಬಿಡಿಸುತ್ತದೆ, ಆದರೆ ಅದರಿಂದ ಮೆಥಾಂಫೆಟಮಿನ್ ಎಂಬ ಮಾದಕವಸ್ತುವನ್ನು ತಯಾರಿಸುವ ದಂಧೆ ಬೆಳೆಯಿತು. ಅಮೆರಿಕದಲ್ಲಿ 2006ರಿಂದ ಅದನ್ನು ಗುರುತಿನ ಚೀಟಿ ನೋಡಿ, ಹೆಸರು ಬರೆದುಕೊಂಡೇ ಮಾರಬೇಕಾಯಿತು. ನಮ್ಮಲ್ಲಿಯೂ ಅದು ಮಾದಕದ್ರವ್ಯ ಕಾಯಿದೆಯಡಿ ನಿಯಂತ್ರಿತ ವಸ್ತು. ಹೀಗೆ ತೆರವಾದ ಜಾಗಕ್ಕೆ ಫಿನೈಲೆಫ್ರಿನ್ ಬಂದು ಕುಳಿತಿತು.

ತೊಂದರೆ ಏನೆಂದರೆ, ನುಂಗಿದ ಫಿನೈಲೆಫ್ರಿನ್‌ನ ಬಹುಪಾಲು ಕರುಳಿನ ಗೋಡೆಯಲ್ಲಿಯೂ ಯಕೃತ್ತಿನಲ್ಲಿಯೂ ನಿಷ್ಕ್ರಿಯ ರೂಪಕ್ಕೆ ಬದಲಾಗುತ್ತದೆ. ಮೂಗಿನ ರಕ್ತನಾಳವನ್ನು ತಲುಪುವ ಸಕ್ರಿಯ ಅಂಶ ಅತ್ಯಲ್ಪ. 2023ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ತಜ್ಞರ ಸಮಿತಿಯೊಂದು, ಬಾಯಿಯ ಮೂಲಕ ತೆಗೆದುಕೊಳ್ಳುವ ಫಿನೈಲೆಫ್ರಿನ್ ಈಗಿನ ಪ್ರಮಾಣದಲ್ಲಿ ಮೂಗು ಕಟ್ಟುವುದನ್ನು ಕಡಿಮೆ ಮಾಡುತ್ತದೆ ಎಂಬುದಕ್ಕೆ ಆಧಾರವಿಲ್ಲವೆಂದು 16 ಮತಗಳಿಂದ, ಒಂದೂ ವಿರೋಧವಿಲ್ಲದೆ ತೀರ್ಮಾನಿಸಿತು. ಅದನ್ನು ಅಂಗೀಕೃತ ಪಟ್ಟಿಯಿಂದ ತೆಗೆಯುವ ಪ್ರಸ್ತಾವವನ್ನು ಅಲ್ಲಿನ ಸಂಸ್ಥೆ 2024ರ ನವೆಂಬರ್‌ನಲ್ಲಿ ಮುಂದಿಟ್ಟಿತು. ಅಪಾಯಕಾರಿ ಎಂಬ ಕಾರಣಕ್ಕಲ್ಲ, ಉಪಯೋಗವಿಲ್ಲ ಎಂಬ ಕಾರಣಕ್ಕೆ. ಇದೇ ವಸ್ತುವನ್ನು ಚುಚ್ಚುಮದ್ದಾಗಿ ಕೊಟ್ಟರೆ ಕುಸಿದ ರಕ್ತದೊತ್ತಡ ಏರುತ್ತದೆ, ಕಣ್ಣಿಗೆ ಹಾಕಿದರೆ ಪಾಪೆ ಹಿಗ್ಗುತ್ತದೆ, ನೇರವಾಗಿ ಮೂಗಿಗೆ ಹಾಕಿದರೂ ಕೆಲಸ ಮಾಡುತ್ತದೆ. ದೋಷ ವಸ್ತುವಿನದಲ್ಲ, ಅದು ಸಾಗುವ ದಾರಿಯದು.

ಹಣ ಕೊಟ್ಟು ಕೊಳ್ಳುವ ಮಾತ್ರೆಯಲ್ಲಿ ಕೆಲಸಕ್ಕೆ ಬಾರದ ಅಂಶವೊಂದು ವರ್ಷಗಟ್ಟಲೆ ಉಳಿದುಕೊಳ್ಳುವುದು ನನ್ನ ಮಟ್ಟಿಗೆ ಸಣ್ಣ ಸಂಗತಿಯಲ್ಲ. ನಮ್ಮ ನಿಯಂತ್ರಕರು ಮಕ್ಕಳ ವಿಷಯದಲ್ಲಿ ತೋರಿಸಿದ ಎಚ್ಚರವನ್ನು ದೊಡ್ಡವರ ಮಾತ್ರೆಯ ವಿಷಯದಲ್ಲಿಯೂ ತೋರಿಸಬೇಕು.


ಕುಳೂರು ಓದುಗ

ಮಾಸ್ತರರೇ, ನೀವು ಬರೆದುದನ್ನು ಗೌರವದಿಂದ ಓದಿದೆ. ಆದರೆ ಬೈಕಂಪಾಡಿಯಲ್ಲಿ ಧೂಳಿನ ನಡುವೆ ಕೆಲಸ ಮಾಡುವ ನನಗೆ ಆ ಮಾತ್ರೆ ನುಂಗಿದರೆ ಮೂಗು ಸೋರುವುದು ನಿಲ್ಲುತ್ತದೆ, ತಲೆಭಾರ ಇಳಿಯುತ್ತದೆ. ಅನುಭವಕ್ಕೆ ಬಂದುದನ್ನು ಇಲ್ಲ ಎನ್ನಲು ಹೇಗೆ ಸಾಧ್ಯ?


ನಿವೃತ್ತ ರಸಾಯನಶಾಸ್ತ್ರ ಅಧ್ಯಾಪಕ, ಕಾರ್ಕಳ

ನಿಮ್ಮ ಅನುಭವ ಸುಳ್ಳಲ್ಲ. ಮೂಗು ಸೋರುವುದನ್ನೂ ಸೀನನ್ನೂ ನಿಲ್ಲಿಸುತ್ತಿರುವುದು ಅದರಲ್ಲಿರುವ ಕ್ಲೋರ್ಫೆನಿರಮಿನ್. ತಲೆಭಾರವನ್ನು ಇಳಿಸುತ್ತಿರುವುದು ಪ್ಯಾರಾಸಿಟಮಾಲ್. ನಾನು ಹೇಳಿದ್ದು ಉಳಿದ ಅಂಶವಾದ ಫಿನೈಲೆಫ್ರಿನ್ ಬಗ್ಗೆ ಮಾತ್ರ. ಶೀತ ತಾನಾಗಿಯೇ ಏಳೆಂಟು ದಿನಗಳಲ್ಲಿ ಇಳಿಯುವುದರಿಂದ, ಆ ಅವಧಿಯಲ್ಲಿ ನುಂಗಿದ ಯಾವ ಮಾತ್ರೆಗೂ ಗುಣಪಡಿಸಿದ ಹೆಸರು ಬರುತ್ತದೆ. ಹಾಗಾಗಿಯೇ ಔಷಧಿಯಿಲ್ಲದ ಹುಸಿಮಾತ್ರೆ ಪಡೆದವರ ಜೊತೆ ಹೋಲಿಸಿ ನೋಡುವುದು. ಅಂತಹ ಹೋಲಿಕೆಗಳಲ್ಲಿ ಫಿನೈಲೆಫ್ರಿನ್ ಮೇಲುಗೈ ತೋರಿಸಲಿಲ್ಲ.


ಕಿವಿ-ಮೂಗು-ಗಂಟಲಿನ ವೈದ್ಯೆ, ಮಂಗಳೂರು

ಕುಳೂರಿನವರಿಗೆ ಒಂದು ಸೂಚನೆ: ಧೂಳಿನಲ್ಲಿದ್ದಾಗ ಮೂಗು ಸೋರಿ, ರಜೆಯ ದಿನಗಳಲ್ಲಿ ಕಡಿಮೆಯಾಗುತ್ತಿದ್ದರೆ ಅದು ಶೀತಕ್ಕಿಂತ ಅಲರ್ಜಿಯೇ ಇರುವ ಸಂಭವ ಹೆಚ್ಚು. ಆಗ ಮಾಸ್ಕ್, ಕೆಲಸ ಮುಗಿದ ಮೇಲೆ ಉಪ್ಪುನೀರು ಮತ್ತು ನಿಯಮಿತವಾದ ಸ್ಟಿರಾಯ್ಡ್ ಸ್ಪ್ರೇಯಿಂದ ಸಿಗುವ ಲಾಭ ಶೀತದ ಮಾತ್ರೆಯಿಂದ ಸಿಗದು.

ಕಡಿಯಾಳಿಯವರ ಮಾವನವರು ಆ ಮಾತ್ರೆಯನ್ನು ಬಿಡಬೇಕಾದುದಕ್ಕೆ ಬೇರೆಯೇ ಕಾರಣವಿದೆ. ಪ್ರಾಸ್ಟೇಟ್ ದೊಡ್ಡದಾಗಿರುವವರಿಗೆ ಕ್ಲೋರ್ಫೆನಿರಮಿನ್ ಮೂತ್ರಕೋಶದ ಸಂಕೋಚನವನ್ನು ತಗ್ಗಿಸುತ್ತದೆ, ಸೂಡೋಎಫಿಡ್ರಿನ್‌ನಂತಹವು ಮೂತ್ರಕೋಶದ ಕತ್ತನ್ನು ಬಿಗಿಗೊಳಿಸುತ್ತವೆ. ಮೂತ್ರ ಪೂರ್ತಿ ಕಟ್ಟಿ, ಕೊಳವೆ ಹಾಕಿಸಿಕೊಳ್ಳಲು ರಾತ್ರೋರಾತ್ರಿ ಆಸ್ಪತ್ರೆಗೆ ಬರುವ ಹಿರಿಯರನ್ನು ವಿಚಾರಿಸಿದಾಗ, ಹಿಂದಿನ ದಿನ ಶೀತದ ಮಾತ್ರೆ ನುಂಗಿದ್ದು ಎಷ್ಟೋ ಸಲ ತಿಳಿದುಬರುತ್ತದೆ. ರಕ್ತದೊತ್ತಡ ಹತೋಟಿಯಲ್ಲಿಲ್ಲದವರು, ಹೃದ್ರೋಗಿಗಳು, ಥೈರಾಯ್ಡ್ ಹೆಚ್ಚಿರುವವರು, ಕಣ್ಣಿನ ಕೋನ ಕಿರಿದಾದ ಗ್ಲಾಕೋಮಾ ಇರುವವರು, ಖಿನ್ನತೆಗೆ ಎಂಎಒ ಎಂಬ ಕಿಣ್ವವನ್ನು ತಡೆಯುವ ಮಾತ್ರೆ ತೆಗೆದುಕೊಳ್ಳುವವರು ಬಾಯಿಯ ಮೂಲಕದ ಈ ಔಷಧಿಗಳನ್ನು ಸ್ವಂತ ನಿರ್ಧಾರದಿಂದ ತೆಗೆದುಕೊಳ್ಳಬಾರದು. ತೀವ್ರ ರಕ್ತದೊತ್ತಡ ಅಥವಾ ತೀವ್ರ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಸೂಡೋಎಫಿಡ್ರಿನ್ ಸಲ್ಲದು ಎಂದು ಯುರೋಪಿನ ನಿಯಂತ್ರಕರು 2024ರ ಆರಂಭದಲ್ಲಿ ಸ್ಪಷ್ಟಪಡಿಸಿದ್ದಾರೆ. ಮಿದುಳಿನ ರಕ್ತನಾಳಗಳು ಸಂಕುಚಿಸುವ ಅಪರೂಪದ, ಆದರೆ ಗಂಭೀರ ಅಡ್ಡಪರಿಣಾಮ ಅದಕ್ಕೆ ಕಾರಣ. ಗರ್ಭಿಣಿಯರೂ ಕೇಳದೆ ತೆಗೆದುಕೊಳ್ಳಬಾರದು. ಗರ್ಭಾವಸ್ಥೆಯಲ್ಲಿ ಶೀತವಿಲ್ಲದೆಯೂ ಮೂಗು ಕಟ್ಟುವುದುಂಟು, ಹೆರಿಗೆಯ ನಂತರ ತಾನಾಗಿ ಹೋಗುತ್ತದೆ.


ಮಲ್ಪೆ ಬಂದರಿನಿಂದ

ಕಡಲಿಗೆ ಹೋಗುವವರ ಪರವಾಗಿ ಒಂದು ಮಾತು. ಆಳಸಮುದ್ರದ ಬೋಟುಗಳು ಆಗಸ್ಟ್‌ನಲ್ಲಿ ಮೀನುಗಾರಿಕೆ ನಿಷೇಧ ಮುಗಿದೊಡನೆ ಹೊರಡುತ್ತವೆ, ಹಲವು ದಿನ ದಡ ಕಾಣುವುದಿಲ್ಲ. ಮಳೆ, ಗಾಳಿ, ಮಂಜುಗಡ್ಡೆಯ ಕೆಲಸ, ಡೀಸೆಲ್ ಹೊಗೆ ಎಲ್ಲ ಸೇರಿ ಯಾರಿಗಾದರೂ ಮೂಗು ಕಟ್ಟಿಯೇ ಕಟ್ಟುತ್ತದೆ. ಬೋಟಿನ ಔಷಧಿ ಡಬ್ಬದಲ್ಲಿ ಶೀತದ ಮಾತ್ರೆಯ ಪಟ್ಟಿ ಇದ್ದೇ ಇರುತ್ತದೆ. ಆದರೆ ಆ ಮಾತ್ರೆ ನುಂಗಿದವರಿಗೆ ಜೋಂಪು ಹತ್ತುತ್ತದೆ. ಚುಕ್ಕಾಣಿ ಹಿಡಿದವರಿಗೂ, ವಿಂಚಿನ ಹಗ್ಗದ ಬಳಿ ನಿಂತವರಿಗೂ ಅದು ಜೀವದ ಪ್ರಶ್ನೆ. ನಮ್ಮ ಬೋಟಿನ ತಂಡೇಲರು ಒಂದು ಕಟ್ಟುನಿಟ್ಟು ಮಾಡಿದ್ದಾರೆ: ಮಾತ್ರೆ ನುಂಗಿದವರು ತಂಡೇಲರಿಗೆ ಹೇಳಬೇಕು, ಆ ಹೊತ್ತು ಅವರಿಗೆ ಬಲೆ ಎಳೆಯುವ ಕೆಲಸವಿಲ್ಲ, ಕಾವಲೂ ಇಲ್ಲ. ಹೆದ್ದಾರಿ 66ರಲ್ಲಿ ಮೀನಿನ ಲಾರಿ ಓಡಿಸುವವರಿಗೂ ಇದು ಅನ್ವಯಿಸಬೇಕು ಎಂಬುದು ನನ್ನ ಅಭಿಪ್ರಾಯ. ಡ್ರಾಪ್ಸ್‌ನಿಂದ ಇಷ್ಟು ನಿದ್ದೆ ಬರುವುದಿಲ್ಲವಾದ್ದರಿಂದ, ಡಾಕ್ಟರರು ಹೇಳಿದ ಮೂರು ದಿನದ ಮಿತಿಯಲ್ಲಿ ನಮಗೆ ಅದೇ ಅನುಕೂಲ ಎನಿಸುತ್ತದೆ. ಇದು ಸರಿಯೇ?


ಔಷಧಿ ಅಂಗಡಿ, ಕುಂದಾಪುರ

ಸರಿ. ಕ್ಲೋರ್ಫೆನಿರಮಿನ್ ಹಳೆಯ ತಲೆಮಾರಿನ ಔಷಧಿ, ಅದರ ಮಂಪರು ಮರುದಿನ ಬೆಳಿಗ್ಗೆಯವರೆಗೂ ಉಳಿಯಬಹುದು. ಮದ್ಯ ಸೇರಿದರಂತೂ ಇನ್ನೂ ಹೆಚ್ಚು. ಒಂದು ಬಾಟಲಿಯನ್ನು ಬೋಟಿನವರೆಲ್ಲ ಹಂಚಿಕೊಳ್ಳುವುದು ಮಾತ್ರ ಬೇಡ. ತುದಿ ಮೂಗಿಗೆ ತಾಗಿದ ಬಾಟಲಿ ಶೀತವನ್ನೂ ಹಂಚುತ್ತದೆ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದಿಟ್ಟರೆ ಮೂರು ದಿನದ ಲೆಕ್ಕ ತಪ್ಪುವುದಿಲ್ಲ.


ಮೂಲ್ಕಿಯ ಅಜ್ಜಿಮನೆ

ಎಲ್ಲರೂ ಔಷಧಿಯ ಬಗ್ಗೆಯೇ ಬರೆಯುತ್ತಿದ್ದೀರಿ. ನಮ್ಮ ಹಿರಿಯರು ಕೊತ್ತಂಬರಿ, ಜೀರಿಗೆ, ಕಾಳುಮೆಣಸು ಹುರಿದು ಕಷಾಯ ಮಾಡಿ ಕುಡಿಸುತ್ತಿದ್ದರು. ಸಾಂಬ್ರಾಣಿ ಎಲೆಯನ್ನು ಬಾಡಿಸಿ ರಸ ಹಿಂಡಿ ಕೊಡುತ್ತಿದ್ದರು. ಕುಚ್ಚಲಕ್ಕಿ ಗಂಜಿಯ ತಿಳಿಯನ್ನು ಬಿಸಿಬಿಸಿಯಾಗಿ ಕುಡಿಸಿ, ಕುದಿಯುವ ನೀರಿನ ಪಾತ್ರೆಗೆ ಬಾಮ್ ಹಾಕಿ, ಕಂಬಳಿ ಹೊದಿಸಿ ಹಬೆ ಕೊಡುತ್ತಿದ್ದರು. ಮಗುವಿಗೂ ತೊಡೆಯ ಮೇಲೆ ಕೂರಿಸಿಕೊಂಡು ಹಬೆ ಕೊಟ್ಟರೆ ಮೂಗು ಬಿಡುತ್ತದೆ. ಮೂರು ವರ್ಷದ ಕೂಸಿಗೆ ಅದು ಸಾಕು ಎಂದು ನನಗನ್ನಿಸುತ್ತದೆ.


ಶುಶ್ರೂಷಕಿ, ಸುರತ್ಕಲ್

ಅಮ್ಮಾ, ಕಷಾಯ ಮತ್ತು ಗಂಜಿತಿಳಿಯ ಮಾತನ್ನು ನಾನೂ ಒಪ್ಪುತ್ತೇನೆ. ಬಿಸಿ ದ್ರವ ಗಂಟಲಿಗೆ ಹಿತ, ಸಿಂಬಳವನ್ನು ತೆಳುವಾಗಿಸುತ್ತದೆ. ಆದರೆ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕುದಿನೀರಿನ ಪಾತ್ರೆಯ ಮುಂದೆ ಹಬೆ ಕೊಡುವುದನ್ನು ಮಾತ್ರ ದಯವಿಟ್ಟು ಯಾರಿಗೂ ಹೇಳಬೇಡಿ. ಕಂಬಳಿಯೊಳಗೆ ಉಸಿರು ಸಿಕ್ಕಿಕೊಂಡ ಮಗು ಕಾಲು ಒದೆಯುತ್ತದೆ, ಪಾತ್ರೆ ಮಗುಚುತ್ತದೆ, ಹೊಟ್ಟೆಯಿಂದ ತೊಡೆಯವರೆಗೆ ಚರ್ಮ ಸುಲಿದುಬರುತ್ತದೆ. ಸುಟ್ಟಗಾಯಗಳ ವಾರ್ಡಿನಲ್ಲಿ ಕೆಲಸ ಮಾಡಿರುವ ನಾನು ಇದನ್ನು ಕಣ್ಣಾರೆ ಕಂಡು ಬರೆಯುತ್ತಿದ್ದೇನೆ. ಶೀತ ವಾರದಲ್ಲಿ ಹೋಗುತ್ತದೆ, ಆ ಕಲೆ ಜನ್ಮಪೂರ್ತಿ ಉಳಿಯುತ್ತದೆ. ದೊಡ್ಡವರು ಹಬೆ ತೆಗೆದುಕೊಳ್ಳುವುದಾದರೆ ಪಾತ್ರೆಯನ್ನು ಗಟ್ಟಿಯಾದ ಮೇಜಿನ ಮೇಲಿಟ್ಟು, ಕುದಿ ಇಳಿದ ಮೇಲೆ, ಮಕ್ಕಳಿಲ್ಲದ ಕೋಣೆಯಲ್ಲಿ ತೆಗೆದುಕೊಳ್ಳಲಿ. ಅದರಿಂದ ಊತ ಇಳಿಯುವುದಿಲ್ಲ, ಸ್ವಲ್ಪ ಹೊತ್ತು ಹಿತವೆನಿಸುತ್ತದೆ, ಅಷ್ಟೇ.

ಬಾಮಿನ ವಿಷಯವೂ ಹಾಗೆಯೇ. ಅದರಲ್ಲಿರುವ ಮೆಂಥಾಲ್ ಮೂಗಿನೊಳಗಿನ ತಂಪನ್ನು ಗ್ರಹಿಸುವ ನರಗಳನ್ನು ಪ್ರಚೋದಿಸುವುದರಿಂದ ಗಾಳಿ ಹೆಚ್ಚು ಹೋದಂತೆ ಭಾಸವಾಗುತ್ತದೆ; ಅಳೆದು ನೋಡಿದರೆ ಗಾಳಿಯ ಹರಿವು ಅಷ್ಟೇ ಇರುತ್ತದೆ. ದೊಡ್ಡವರು ಎದೆಗೋ ಹಣೆಗೋ ಹಚ್ಚಿಕೊಂಡರೆ ತೊಂದರೆಯಿಲ್ಲ. ಕರ್ಪೂರ ಸೇರಿದ ಬಾಮ್‌ಗಳನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಹಚ್ಚಲೇಬಾರದು, ಯಾವ ವಯಸ್ಸಿನವರಿಗೂ ಮೂಗಿನ ಹೊಳ್ಳೆಯೊಳಗೆ ಹಚ್ಚಬಾರದು. ಕರ್ಪೂರವನ್ನು ಮಗು ನುಂಗಿದರೆ ಅಪಸ್ಮಾರ ಬರಬಹುದು. ಪೂಜೆಯ ಕರ್ಪೂರವನ್ನು ಬಟ್ಟೆಯಲ್ಲಿ ಕಟ್ಟಿ ಮಗುವಿನ ಕೊರಳಿಗೆ ಹಾಕುವ ರೂಢಿಯನ್ನೂ ಈ ಕಾರಣಕ್ಕೆ ಬಿಡಬೇಕು.


ಮೂಲ್ಕಿಯ ಅಜ್ಜಿಮನೆ

ನೀನು ಹೇಳಿದ್ದು ಸರಿ ಮಗಾ. ಸುಟ್ಟಗಾಯದ ವಿಷಯ ಓದಿ ಮನಸ್ಸಿಗೆ ಬಹಳ ನೋವಾಯಿತು. ಮೊಮ್ಮಕ್ಕಳಿರುವ ಮನೆಯಲ್ಲಿ ಇನ್ನು ಹಾಗೆ ಮಾಡಬಾರದು ಎಂದು ಸೊಸೆಯಂದಿರಿಗೂ ಹೇಳಿದ್ದೇನೆ.


ಯೋಗಾಭ್ಯಾಸಿ, ಕದ್ರಿ

ಜಲನೇತಿಯ ಪ್ರಸ್ತಾಪವನ್ನು ಯಾರೂ ಮಾಡಲಿಲ್ಲ. ಅಭ್ಯಾಸ ಇರುವವರಿಗೆ ಬೆಳಿಗ್ಗೆ ಒಮ್ಮೆ ಉಗುರುಬೆಚ್ಚಗಿನ ಉಪ್ಪುನೀರಿನಿಂದ ಮೂಗು ತೊಳೆಯುವುದು ಅತ್ಯುತ್ತಮ ಪರಿಹಾರ. ನಮ್ಮ ಬಾವಿಯ ನೀರು ಶುದ್ಧವಾಗಿಯೇ ಇದೆ, ಅದನ್ನೇ ಸ್ವಲ್ಪ ಬಿಸಿ ಮಾಡಿ ಬಳಸಬಹುದಲ್ಲವೇ?


ಕಿವಿ-ಮೂಗು-ಗಂಟಲಿನ ವೈದ್ಯೆ, ಮಂಗಳೂರು

ಮೂಗು ತೊಳೆಯುವುದನ್ನು ನಾನೂ ರೋಗಿಗಳಿಗೆ ಹೇಳುತ್ತೇನೆ, ಅಲರ್ಜಿ ಮತ್ತು ಸೈನಸ್ ತೊಂದರೆಗಳಲ್ಲಿ ಅದು ನಿಜವಾಗಿಯೂ ಉಪಯುಕ್ತ. ಆದರೆ ಬಾವಿಯ ನೀರನ್ನು ಸ್ವಲ್ಪ ಬಿಸಿ ಮಾಡಿದರೆ ಸಾಲದು. ಚೆನ್ನಾಗಿ ಕುದಿಸಿ, ಮುಚ್ಚಿಟ್ಟು ಆರಿಸಿಯೇ ಬಳಸಬೇಕು. ಸಿಹಿನೀರಿನಲ್ಲಿ ಬದುಕುವ ನೇಗ್ಲೇರಿಯಾ ಫೌಲೆರಿ ಎಂಬ ಅಮೀಬಾ ಮೂಗಿನ ಮೂಲಕ ಮಿದುಳನ್ನು ಸೇರಿದರೆ ಬದುಕುಳಿಯುವವರು ಬಹಳ ಕಡಿಮೆ. ಅದೇ ನೀರನ್ನು ಕುಡಿದರೆ ಈ ರೋಗ ಬರುವುದಿಲ್ಲ, ಮೂಗಿಗೆ ಏರಿದರೆ ಮಾತ್ರ ಅಪಾಯ. ನಮ್ಮ ನೆರೆಯ ಕೇರಳದಲ್ಲಿ 2024 ಮತ್ತು 2025ರಲ್ಲಿ ಅಮೀಬಾದಿಂದ ಮಿದುಳು ಸೋಂಕಿತವಾದ ಪ್ರಕರಣಗಳು ವರದಿಯಾಗಿವೆ. ಅವರ ನೀರಿಗೂ ಹವೆಗೂ ನಮ್ಮದಕ್ಕೂ ದೊಡ್ಡ ವ್ಯತ್ಯಾಸವಿಲ್ಲ. ಒಂದು ಲೀಟರು ನೀರಿಗೆ 9 ಗ್ರಾಂ ಉಪ್ಪು ಹಾಕಿದರೆ ಶರೀರದ ದ್ರವಕ್ಕೆ ಸರಿಹೊಂದುತ್ತದೆ, ಉರಿಯುವುದಿಲ್ಲ. ಪಾತ್ರೆಯನ್ನು ಪ್ರತಿಸಲ ತೊಳೆದು ಒಣಗಿಸಿಡಿ. ಮೂಗು ಪೂರ್ತಿ ಕಟ್ಟಿರುವಾಗ, ಕಿವಿನೋವು ಇರುವಾಗ ಬಲವಂತವಾಗಿ ಮಾಡಬೇಡಿ.


ಕಡಿಯಾಳಿ ನಿವಾಸಿ (ಪ್ರಶ್ನೆ ಕೇಳಿದವರು)

ಉತ್ತರಿಸಿದ ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಮಗಳಿಗೆ ಸಿರಪ್ ಕೊಡಲಿಲ್ಲ. ಉಪ್ಪುನೀರಿನ ಡ್ರಾಪ್ಸ್ ಹಾಕಿ ಮಲಗಿಸುತ್ತಿದ್ದೇವೆ, ಈಗ ಊಟ ಮಾಡುತ್ತಿದ್ದಾಳೆ. ಮಾವನವರನ್ನು ಕಿವಿ-ಮೂಗು-ಗಂಟಲಿನ ವೈದ್ಯರಲ್ಲಿಗೆ ಕರೆದೊಯ್ದೆವು. ನಡುಗೋಡೆ ಸ್ವಲ್ಪ ಬಲಕ್ಕೆ ವಾಲಿದೆ, ಆದರೆ ಈಗಿನ ಊತಕ್ಕೆ ಡ್ರಾಪ್ಸ್ ಕಾರಣ ಎಂದರು. ಮೊಮೆಟಾಸೋನ್ ಸ್ಪ್ರೇ ಬರೆದುಕೊಟ್ಟು, ಮೊದಲು ಎಡಹೊಳ್ಳೆಗೆ ಡ್ರಾಪ್ಸ್ ನಿಲ್ಲಿಸಲು ಹೇಳಿದ್ದಾರೆ. ಶೀತದ ಮಾತ್ರೆ ಪೂರ್ತಿ ಬಿಡಿಸಿದ್ದಾರೆ. ಮಾವನವರ ದೂರು ಎಂದರೆ, ಹೊಸ ಸ್ಪ್ರೇ ಹಾಕಿದರೆ ಗಂಟಲಿಗೆ ಇಳಿದು ಕಹಿಯಾಗುತ್ತದೆ, ಮೂಗಿನಲ್ಲಿ ಸ್ವಲ್ಪ ರಕ್ತವೂ ಕಾಣಿಸಿತು. ಹೀಗಾಗುವುದು ಸಹಜವೇ?


ಕಿವಿ-ಮೂಗು-ಗಂಟಲಿನ ವೈದ್ಯೆ, ಮಂಗಳೂರು

ಹಾಕುವ ಬಗೆಯನ್ನು ಸ್ವಲ್ಪ ಬದಲಿಸಿದರೆ ಎರಡೂ ಕಡಿಮೆಯಾಗುತ್ತವೆ. ತಲೆಯನ್ನು ಹಿಂದಕ್ಕೆ ಎತ್ತಬಾರದು, ಕಾಲಿನ ಬೆರಳುಗಳನ್ನು ನೋಡುವಂತೆ ತುಸು ಬಾಗಬೇಕು. ಎಡಹೊಳ್ಳೆಗೆ ಬಲಗೈಯಿಂದ, ಬಲಹೊಳ್ಳೆಗೆ ಎಡಗೈಯಿಂದ ಹಿಡಿದರೆ ಸ್ಪ್ರೇಯ ತುದಿ ತಾನಾಗಿಯೇ ಹೊರಬದಿಗೆ, ಅಂದರೆ ಅದೇ ಬದಿಯ ಕಿವಿಯ ಕಡೆಗೆ ತಿರುಗುತ್ತದೆ. ನಡುಗೋಡೆಗೆ ನೇರವಾಗಿ ಹೊಡೆದರೆ ಅಲ್ಲಿನ ತೆಳುಪೊರೆ ಒಣಗಿ ರಕ್ತ ಬರುತ್ತದೆ. ಒತ್ತಿದ ಮೇಲೆ ಹೂವಿನ ವಾಸನೆ ನೋಡುವಷ್ಟು ಮೆಲ್ಲನೆ ಉಸಿರೆಳೆದರೆ ಸಾಕು. ಜೋರಾಗಿ ಎಳೆದರೆ ಔಷಧಿಯೆಲ್ಲ ಗಂಟಲಿಗೆ ಹೋಗುತ್ತದೆ. ಸ್ಪ್ರೇಗೆ ಹತ್ತು ನಿಮಿಷ ಮೊದಲು ಉಪ್ಪುನೀರು ಹಾಕಿ ಮೂಗನ್ನು ಸ್ವಚ್ಛಗೊಳಿಸಿಕೊಂಡರೆ ಒಳ್ಳೆಯದು. ಹೀಗೆ ಮಾಡಿದ ಮೇಲೂ ರಕ್ತ ಬರುತ್ತಿದ್ದರೆ ನಿಮ್ಮ ವೈದ್ಯರಿಗೆ ತಿಳಿಸಿ, ನೀವೇ ನಿಲ್ಲಿಸಬೇಡಿ.


ಬಜ್ಪೆಯಿಂದ

ಮುಂದಿನ ವಾರ ದುಬೈಗೆ ಹಿಂತಿರುಗಬೇಕು, ಶೀತ ಇನ್ನೂ ಇದೆ. ಕಳೆದ ಸಲ ವಿಮಾನ ಇಳಿಯುವಾಗ ಕಿವಿ ಹರಿದುಹೋಗುವಷ್ಟು ನೋವಾಗಿತ್ತು. ಡ್ರಾಪ್ಸ್ ಹಾಕಿಕೊಳ್ಳಬಹುದೇ?


ಕಿವಿ-ಮೂಗು-ಗಂಟಲಿನ ವೈದ್ಯೆ, ಮಂಗಳೂರು

ರಕ್ತದೊತ್ತಡ, ಹೃದಯದ ತೊಂದರೆ ಇಲ್ಲದಿದ್ದರೆ, ವಿಮಾನ ಇಳಿಯಲು ಆರಂಭಿಸುವ ಅರ್ಧ ಗಂಟೆ ಮೊದಲು ಒಮ್ಮೆ ಹಾಕಿಕೊಳ್ಳಬಹುದು. ಇಳಿಯುವಾಗ ನಿದ್ದೆ ಮಾಡದೆ ಗುಟುಕು ಗುಟುಕಾಗಿ ನೀರು ನುಂಗುತ್ತಿರಿ. ಕಿವಿ ಈಗಲೇ ನೋಯುತ್ತಿದ್ದರೆ ಹೊರಡುವ ಮುನ್ನ ತೋರಿಸಿಕೊಳ್ಳಿ. ಯಾವುದೇ ಮಾತ್ರೆ ಒಯ್ಯುವುದಾದರೆ ವೈದ್ಯರ ಚೀಟಿ ಜೊತೆಯಲ್ಲಿರಲಿ, ಕೊಲ್ಲಿ ದೇಶಗಳಲ್ಲಿ ಔಷಧಿಯ ನಿಯಮ ಬಿಗಿ.


ಶುಶ್ರೂಷಕಿ, ಸುರತ್ಕಲ್

ಮಕ್ಕಳಿರುವ ಮನೆಯವರಿಗೆ ಎರಡು ವಿಷಯ ಬಿಟ್ಟುಹೋಗಬಾರದೆಂದು ಬರೆಯುತ್ತಿದ್ದೇನೆ.

ಮೂಗು ಬಿಡಿಸುವ ಡ್ರಾಪ್ಸ್ ಬಾಟಲಿಯನ್ನು ತಲೆದಿಂಬಿನ ಬಳಿ, ಮೇಜಿನ ಮೇಲೆ ಇಡಬೇಡಿ. ಆಕ್ಸಿಮೆಟಾಜೋಲಿನ್ ವರ್ಗದ ದ್ರವವನ್ನು ಚಿಕ್ಕ ಮಗು ಒಂದೆರಡು ಮಿಲಿಲೀಟರು ನುಂಗಿದರೂ ಮಂಪರು ಕವಿದು, ನಾಡಿ ನಿಧಾನವಾಗಿ, ಉಸಿರಾಟ ಕುಗ್ಗಬಹುದು. 2012ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಈ ಬಗ್ಗೆಯೇ ಎಚ್ಚರಿಕೆ ಹೊರಡಿಸಿತ್ತು. ಮಗು ಕುಡಿದಿರುವ ಶಂಕೆ ಬಂದರೆ ವಾಂತಿ ಮಾಡಿಸಲು ಹೋಗದೆ, ಬಾಟಲಿಯನ್ನು ಕೈಯಲ್ಲಿ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಿ.

ಇನ್ನೊಂದು, ಮಗುವಿಗೆ ಒಂದೇ ಹೊಳ್ಳೆ ಕಟ್ಟಿ, ಆ ಒಂದೇ ಬದಿಯಿಂದ ದುರ್ವಾಸನೆಯ ಸಿಂಬಳವೋ ರಕ್ತವೋ ಬರುತ್ತಿದ್ದರೆ ಅದು ಶೀತವಲ್ಲ, ಮೂಗಿನೊಳಗೆ ಏನೋ ಸಿಕ್ಕಿಕೊಂಡಿದೆ ಎಂದೇ ತಿಳಿಯಬೇಕು. ಹುಣಸೆಬೀಜ, ಕಡಲೆ, ಮಣಿ, ಸ್ಪಂಜಿನ ಚೂರು ಇವೆಲ್ಲ ಸಿಗುತ್ತವೆ. ಆಟಿಕೆಯ ಗುಂಡಿಯಂತಹ ಬ್ಯಾಟರಿ ಸಿಕ್ಕಿಕೊಂಡಿದ್ದರೆ ಕೆಲವೇ ಗಂಟೆಗಳಲ್ಲಿ ನಡುಗೋಡೆಯನ್ನು ಸುಟ್ಟು ತೂತು ಮಾಡಬಲ್ಲದು. ಅಂತಹ ಸಂದರ್ಭದಲ್ಲಿ ಮನೆಯಲ್ಲಿ ಚಿಮುಟದಿಂದ ತೆಗೆಯಲು ಹೋಗಬೇಡಿ, ಡ್ರಾಪ್ಸ್ ಹಾಕಬೇಡಿ, ಉಪ್ಪುನೀರನ್ನೂ ಹಾಕಬೇಡಿ, ಬೆಳಗಾಗಲಿ ಎಂದು ಕಾಯಬೇಡಿ. ಕಿವಿ-ಮೂಗು-ಗಂಟಲಿನ ವೈದ್ಯರು ತುರ್ತು ಸೇವೆಗೆ ಸಿಗುವ ಆಸ್ಪತ್ರೆಗೆ ಅದೇ ಗಳಿಗೆಯಲ್ಲಿ ಹೊರಡಿ.